ಗುಟ್ಟು ಕಾಯುವ ಒಂದು ಅವಿಭಾಜ್ಯ ಸಂಖ್ಯೆ



ಈ ಸಂಜೆಯ ಭಾಷಣಕ್ಕೆ ನಾನು ಆರಿಸಿಕೊಂಡಿರುವ ವಿಷಯವು ಒಂದೇ ಒಂದು ಸಂಖ್ಯೆ. ಅದನ್ನು ಪೂರ್ತಿಯಾಗಿ ಓದಿ ಹೇಳುವುದಾದರೆ ಎಪ್ಪತ್ತೇಳು ಅಂಕೆಗಳನ್ನು ಹೇಳಬೇಕಾಗುವುದು. ಶ್ರೋತೃಗಳ ತಾಳ್ಮೆಯನ್ನು ಆರಂಭದಲ್ಲಿಯೇ ಅಷ್ಟು ಪರೀಕ್ಷಿಸುವುದು ಉಚಿತವಲ್ಲವಾದುದರಿಂದ ಅದನ್ನು ಅಚ್ಚಿನಲ್ಲಿ ಮಾತ್ರ ಕೊಡುತ್ತೇನೆ:

57896044618658097711785492504343953926634992332820282019728792003956564819949

ಇದಕ್ಕೊಂದು ಚಿಕ್ಕ ಹೆಸರೂ ಉಂಟು. 255 ಎರಡುಗಳನ್ನು ಒಂದರೊಡನೊಂದು ಗುಣಿಸಿ, ಬಂದ ಲಬ್ಧದಿಂದ 19ನ್ನು ಕಳೆದರೆ ಈ ಸಂಖ್ಯೆ ದೊರೆಯುವುದು. ಎಂದರೆ 2²⁵⁵ − 19. ಇದು ಅವಿಭಾಜ್ಯ ಸಂಖ್ಯೆ: ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವ ಪೂರ್ಣ ಸಂಖ್ಯೆಯೂ ಇದನ್ನು ನಿಶ್ಶೇಷವಾಗಿ ಭಾಗಿಸಲಾರದು. ಇದಕ್ಕಿಂತ ಬಹಳ ದೊಡ್ಡ ಅವಿಭಾಜ್ಯಗಳನ್ನು ಜನರು ಕಂಡುಹಿಡಿದಿದ್ದಾರೆ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ 2¹³⁶²⁷⁹⁸⁴¹ − 1 ಎಂಬುದರಲ್ಲಿ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕೆಗಳಿವೆ. ಆದರೆ ಆ ಮಹಾಕಾಯವು ಇನ್ನೂ ಕುತೂಹಲದ ವಸ್ತು; ನಮ್ಮ ಎಪ್ಪತ್ತೇಳಂಕೆಯದು ದುಡಿಯುವ ಸಂಖ್ಯೆ. ಅದು ಎಲ್ಲಿ ದುಡಿಯುತ್ತದೆಂದು ಕೇಳಿದರೆ, ನಿಮ್ಮ ಜೇಬಿನಲ್ಲಿಯೇ ಎಂದು ಉತ್ತರ ಹೇಳಬೇಕಾಗಿದೆ.

ಧಾರವಾಡ ಜಿಲ್ಲೆಯ ನವಲಗುಂದವು ಜಮಖಾನಗಳಿಗೆ ಹೆಸರಾದ ಊರು. ಅಲ್ಲಿ ಹೆಂಗಸರು ಮಗ್ಗದ ಮುಂದೆ ಕುಳಿತು ಎಳೆಯೆಳೆಯನ್ನೂ ಎಣಿಸಿ ಬಣ್ಣದ ಚಿತ್ತಾರವನ್ನು ನೇಯುತ್ತಾರೆ. ಅಂಥವರಲ್ಲೊಬ್ಬರು ಹುಬ್ಬಳ್ಳಿಯ ವರ್ತಕನಿಗೆ ತಮ್ಮ ಮಾಲಿನ ಕಡೆಯ ಬೆಲೆಯನ್ನು ಮೊಬೈಲಿನ ವಾಟ್ಸ್ಆಪ್ ಮೂಲಕ ತಿಳಿಸುತ್ತಾರೆಂದು ಭಾವಿಸಿರಿ. ಆ ಸಂದೇಶವು ಗಾಳಿಯಲ್ಲಿ ಹಾದು, ತಂತಿಗಳಲ್ಲಿ ಹರಿದು, ಎಲ್ಲಿಯೋ ಇರುವ ಯಂತ್ರಗಳನ್ನು ಸುತ್ತಿ ಹುಬ್ಬಳ್ಳಿಯನ್ನು ಸೇರುವುದು. ದಾರಿಯಲ್ಲಿ ಅದನ್ನು ಹಿಡಿದು ನೋಡಬಲ್ಲವರು ಅನೇಕರಿರಬಹುದು. ಇನ್ನೊಬ್ಬ ವ್ಯಾಪಾರಿಗೆ ಆ ಬೆಲೆ ತಿಳಿದರೆ ನಷ್ಟ ಯಾರಿಗೆಂಬುದನ್ನು ವಿವರಿಸಬೇಕಾಗಿಲ್ಲ. ವೈದ್ಯರಿಗೆ ಬರೆದ ಮಾತು, ಮಗಳ ಸಂಬಂಧದ ಮಾತು, ಸಾಲದ ಮಾತು, ಇವುಗಳ ಗತಿಯೂ ಅದೇ. 2016ರ ಏಪ್ರಿಲಿನಿಂದ ಆ ವ್ಯವಸ್ಥೆಯಲ್ಲಿ ಸಂದೇಶಗಳೆಲ್ಲವೂ ಕಳಿಸುವವರ ಫೋನಿನಲ್ಲಿಯೇ ಕೀಲಿ ಹಾಕಲ್ಪಟ್ಟು, ಪಡೆಯುವವರ ಫೋನಿನಲ್ಲಿ ಮಾತ್ರ ತೆರೆಯುತ್ತವೆ. ಆ ಕೀಲಿಕೈಯನ್ನು ಹುಟ್ಟಿಸುವ ಲೆಕ್ಕವು ನಡೆಯುವುದು 2²⁵⁵ − 19 ಎಂಬ ಈ ಸಂಖ್ಯೆಯ ಆಧಾರದ ಮೇಲೆ.

ಇಲ್ಲಿ ಒಂದು ಸಹಜವಾದ ಸಂದೇಹ ಹುಟ್ಟುವುದು. ಇಬ್ಬರೂ ಒಂದೇ ಕೀಲಿಕೈಯನ್ನು ಹೊಂದಿರಬೇಕಾದರೆ ಅದನ್ನು ಒಬ್ಬರು ಇನ್ನೊಬ್ಬರಿಗೆ ಕಳಿಸಿಕೊಡಬೇಕಷ್ಟೆ? ಕಳಿಸುವ ದಾರಿ ಭದ್ರವಾಗಿದ್ದರೆ ಕೀಲಿಯೇ ಬೇಕಾಗಿರಲಿಲ್ಲ; ದಾರಿ ಭದ್ರವಿಲ್ಲವಾದರೆ ಕೀಲಿಕೈಯೇ ಕಳ್ಳನ ಪಾಲಾಗುವುದು. ರಾಜರೂ ದಂಡನಾಯಕರೂ ಬಹುಕಾಲ ಎದುರಿಸಿದ ತೊಡಕು ಇದು. ಇದಕ್ಕೊಂದು ಪರಿಹಾರವನ್ನು 1976ರಲ್ಲಿ ವ್ಹಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಪ್ರಕಟಿಸಿದರು. ಚಿಕ್ಕ ಸಂಖ್ಯೆಗಳಲ್ಲಿ ಅದನ್ನು ನೋಡೋಣ. ಕಾಗದ ಪೆನ್ಸಿಲುಗಳಿದ್ದರೆ ಕೈಗೆತ್ತಿಕೊಳ್ಳಬಹುದು.

ಎಲ್ಲರ ಮುಂದೆಯೂ ಎರಡು ಸಂಖ್ಯೆಗಳನ್ನು ಸಾರಿ ಹೇಳಿಬಿಡೋಣ: 19 ಮತ್ತು 2. ಯಾವ ಗುಣಾಕಾರವನ್ನು ಮಾಡಿದರೂ ಕೊನೆಗೆ 19ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳತಕ್ಕದ್ದು ಎಂದು ನಿಯಮ. ನವಲಗುಂದದವರು ಮನಸ್ಸಿನಲ್ಲಿ 5 ಎಂದುಕೊಳ್ಳುತ್ತಾರೆ. ಎರಡರ ಐದನೆಯ ಘಾತ 32, ಶೇಷ 13. ಈ 13ನ್ನು ಅವರು ಬಹಿರಂಗವಾಗಿ ಕಳಿಸುತ್ತಾರೆ. ಹುಬ್ಬಳ್ಳಿಯವರು ಮನಸ್ಸಿನಲ್ಲಿ 7 ಎಂದುಕೊಳ್ಳುತ್ತಾರೆ. ಎರಡರ ಏಳನೆಯ ಘಾತ 128, ಶೇಷ 14. ಅದನ್ನು ಅವರೂ ಬಹಿರಂಗವಾಗಿ ಕಳಿಸುತ್ತಾರೆ. ಈಗ ನವಲಗುಂದದಲ್ಲಿ, ಬಂದ 14ರ ಐದನೆಯ ಘಾತವನ್ನು ಮಾಡಿ ಶೇಷ ತೆಗೆದರೆ 10 ಬರುವುದು. ಹುಬ್ಬಳ್ಳಿಯಲ್ಲಿ, ಬಂದ 13ರ ಏಳನೆಯ ಘಾತವನ್ನು ಮಾಡಿ ಶೇಷ ತೆಗೆದರೆ ಅಲ್ಲಿಯೂ 10! ಐದನೆಯ ಘಾತದ ಏಳನೆಯ ಘಾತವಾಗಲಿ, ಏಳನೆಯದರ ಐದನೆಯದಾಗಲಿ, ಎರಡೂ ಮೂವತ್ತೈದನೆಯ ಘಾತವೇ ಆದುದರಿಂದ ಹೀಗಾಗುವುದು. ಈ 10 ಎಂಬುದೇ ಇಬ್ಬರಿಗೂ ಸಾಮಾನ್ಯವಾದ ಕೀಲಿಕೈ. ಅದು ದಾರಿಯಲ್ಲಿ ಹೋಗಲೇ ಇಲ್ಲವೆಂಬುದನ್ನು ಗಮನಿಸಬೇಕು. ನಡುವೆ ನಿಂತು ಕದ್ದು ಕೇಳಿದವನಿಗೆ ದೊರೆತುದು 19, 2, 13, 14 ಇಷ್ಟು ಮಾತ್ರ.

ಅವನು ಕೀಲಿಕೈಯನ್ನು ಪಡೆಯಬೇಕಾದರೆ, ಎರಡರ ಎಷ್ಟನೆಯ ಘಾತವು 13 ಎಂಬ ಶೇಷವನ್ನು ಕೊಡುವುದೆಂದು ಹಿಂದುಮುಂದಾಗಿ ಹುಡುಕಬೇಕು. 19ರಲ್ಲಿ ಇದು ಮಕ್ಕಳಾಟ. ಎಪ್ಪತ್ತೇಳು ಅಂಕೆಗಳ ಸಂಖ್ಯೆಯಲ್ಲಿ ಹಾಗಲ್ಲ. ಮುಂದಕ್ಕೆ ಹೋಗುವುದು ಸುಲಭ: ವರ್ಗ, ವರ್ಗದ ವರ್ಗ, ಹೀಗೆ ಏರುತ್ತ ಹೋದರೆ ಕೆಲವು ನೂರು ಗುಣಾಕಾರಗಳಲ್ಲಿ ಎಂಥ ಮಹಾಘಾತವನ್ನಾದರೂ ಮುಟ್ಟಬಹುದು. ಈ ಉಪಾಯವು ನಮ್ಮ ಪಿಂಗಲನ ಛಂದಶ್ಶಾಸ್ತ್ರದಲ್ಲಿಯೇ ಇದೆ; ಪ್ರಸ್ತಾರದ ವೃತ್ತಗಳನ್ನು ಎಣಿಸಲು ಅವನಿಗೆ ಎರಡರ ಘಾತಗಳು ಬೇಕಾಗಿದ್ದುವು. ಹಿಂದಕ್ಕೆ ಬರಲು ಮಾತ್ರ ಅಂಥ ಮೆಟ್ಟಿಲು ಯಾರಿಗೂ ದೊರೆತಿಲ್ಲ.

ಭಾಜಕವು ಅವಿಭಾಜ್ಯವೇ ಏಕಾಗಬೇಕು? 6ರಂಥ ಸಂಖ್ಯೆಯನ್ನು ತೆಗೆದುಕೊಂಡರೆ 2ನ್ನೂ 3ನ್ನೂ ಗುಣಿಸಿದಾಗ ಶೇಷ ಸೊನ್ನೆಯಾಗುವುದು. ಸೊನ್ನೆಯಲ್ಲದ ಎರಡು ಸಂಖ್ಯೆಗಳು ಸೇರಿ ಸೊನ್ನೆಯನ್ನು ಹುಟ್ಟಿಸುವ ರಾಜ್ಯದಲ್ಲಿ ಭಾಗಾಕಾರಕ್ಕೆ ಭರವಸೆಯಿಲ್ಲ. ಅವಿಭಾಜ್ಯದ ಆಳ್ವಿಕೆಯಲ್ಲಿ ಆ ಅಪಾಯವಿಲ್ಲ. ಸೊನ್ನೆಯನ್ನು ಬಿಟ್ಟು ಪ್ರತಿಯೊಂದರಿಂದಲೂ ಭಾಗಿಸಬಹುದು, ಉತ್ತರವು ಪ್ರತಿಸಲವೂ ಒಂದೇ ಒಂದಾಗಿರುವುದು.

ಒಂದು ತಿದ್ದುಪಡಿಯನ್ನು ಇಲ್ಲಿಯೇ ಸೇರಿಸಬೇಕು. ಫೋನಿನೊಳಗೆ ನಡೆಯುವುದು ನಾನು ಹೇಳಿದ ಘಾತಗಳ ಲೆಕ್ಕವಲ್ಲ, ಅದರ ಸೋದರ. ಸಾಮಾನ್ಯ ಘಾತಗಳನ್ನು ಹಿಂದಿರುಗಿಸಲು ಕೆಲವು ಒಳದಾರಿಗಳು ಗೊತ್ತಾಗಿರುವುದರಿಂದ ಅಲ್ಲಿ ಇನ್ನೂ ಬಹು ದೊಡ್ಡ ಅವಿಭಾಜ್ಯಗಳು ಬೇಕಾಗುತ್ತವೆ. 2015ರಲ್ಲಿ ಕೆಲವರು ವಿದ್ವಾಂಸರು ಇದನ್ನು ಪ್ರತ್ಯಕ್ಷವಾಗಿ ತೋರಿಸಿದರು. ಆಗ 512 ದ್ವಿಮಾನ ಸ್ಥಾನಗಳ ಕೆಲವೇ ಅವಿಭಾಜ್ಯಗಳನ್ನು ಸಾವಿರಾರು ಯಂತ್ರಗಳು ಹಂಚಿಕೊಂಡು ಬಳಸುತ್ತಿದ್ದುವು. ಆ ಅವಿಭಾಜ್ಯಕ್ಕೆ ಒಮ್ಮೆ ದೊಡ್ಡ ಲೆಕ್ಕವನ್ನು ಮಾಡಿಟ್ಟುಕೊಂಡರೆ ಮುಂದಿನ ಪ್ರತಿಯೊಂದು ಮಾತುಕತೆಯನ್ನೂ ಬೇಗನೆ ಬಿಚ್ಚಬಹುದಾಗಿತ್ತು. ಆದುದರಿಂದ ಘಾತಗಳ ಬದಲು ಒಂದು ವಕ್ರರೇಖೆಯ ಮೇಲಿನ ಬಿಂದುಗಳನ್ನು ಒಂದಕ್ಕೊಂದು ಕೂಡಿಸುವ ಪದ್ಧತಿಯನ್ನು ಹಿಡಿದರು. ನಮ್ಮ ಸಂಖ್ಯೆಗೆ ಸೇರಿದ ರೇಖೆಯ ಸಮೀಕರಣವು ಯ² = ಕ್ಷ³ + 486662ಕ್ಷ² + ಕ್ಷ ಎಂದು. ಎರಡು ಬಿಂದುಗಳನ್ನು ಕೂಡಿಸುವಾಗ ಬರುವ ಎಲ್ಲ ಗುಣಾಕಾರ ಭಾಗಾಕಾರಗಳಲ್ಲಿಯೂ 2²⁵⁵ − 19ರಿಂದ ಬರುವ ಶೇಷವನ್ನೇ ಹಿಡಿಯಬೇಕು. ಈ ರೇಖೆಯ ಮೇಲೆ ಹಿಂದಿರುಗಲು ಸದ್ಯದ ಯಂತ್ರಗಳಿಗೆ ತಿಳಿದಿರುವ ಅತ್ಯುತ್ತಮ ದಾರಿಯೂ ಸುಮಾರು 2¹²⁶ ಹೆಜ್ಜೆಗಳಷ್ಟು ದೂರವಿದೆ.

ಈಗ 19ರ ಮಾತು. ಆ ಅಂಕೆಯು ಏಕೆ ಬಂದಿತು?

ನವಲಗುಂದದ ಸಂತೆಯಲ್ಲಿ ಒಂದು ಜಮಖಾನಕ್ಕೆ 997 ರೂಪಾಯಿಯೆಂದು ಹೇಳಿ, ಏಳು ಜಮಖಾನಕ್ಕೆಷ್ಟೆಂದು ಕೇಳಿದರೆ, ಅಲ್ಲಿ ಯಾರೂ 997ನ್ನು ಏಳರಿಂದ ಗುಣಿಸುತ್ತ ಕುಳಿತುಕೊಳ್ಳುವುದಿಲ್ಲ. ಏಳು ಸಾವಿರ, ಅದರಲ್ಲಿ ಏಳು ಮೂರಲೆ ಇಪ್ಪತ್ತೊಂದು ಹೋಯಿತು, 6979 ಎಂದುಬಿಡುತ್ತಾರೆ. ಸಾವಿರಕ್ಕೆ ಮೂರೇ ಕಡಿಮೆಯಿರುವ ಸಂಖ್ಯೆಯೊಡನೆ ವ್ಯವಹಾರ ಸುಲಭ. 997 ಅವಿಭಾಜ್ಯವೂ ಹೌದು. ಸಾವಿರಕ್ಕೆ ಕೆಳಗೆ ಅತಿ ಸಮೀಪದ ಅವಿಭಾಜ್ಯವೇ ಅದು. ಅದರಿಂದ ಭಾಗಿಸಿ ಶೇಷ ತೆಗೆಯುವುದೂ ಅಷ್ಟೇ ಸುಲಭ. 456ನ್ನು 789ರಿಂದ ಗುಣಿಸಿದರೆ 359784. ಸಾವಿರವನ್ನು 997ರಿಂದ ಭಾಗಿಸಿದರೆ ಶೇಷ 3 ಆದುದರಿಂದ, ಎಡಗಡೆಯ 359ನ್ನು ಮೂರರಿಂದ ಗುಣಿಸಿ ಬಲಗಡೆಯ 784ಕ್ಕೆ ಸೇರಿಸಿರಿ: 1861. ಮತ್ತೆ ಎಡಗಡೆಯ 1ನ್ನು ಮೂರರಿಂದ ಗುಣಿಸಿ 861ಕ್ಕೆ ಸೇರಿಸಿರಿ: 864. ಇದೇ ಶೇಷ. ಭಾಗಾಕಾರವನ್ನೇ ಮಾಡಲಿಲ್ಲ!

ಯಂತ್ರಗಳು ಎಣಿಸುವುದು ಹತ್ತರ ಘಾತಗಳಲ್ಲಲ್ಲ, ಎರಡರ ಘಾತಗಳಲ್ಲಿ. ಆದುದರಿಂದ ಅವುಗಳಿಗೆ ಬೇಕಾದುದು ಎರಡರ ಒಂದು ಘಾತಕ್ಕೆ ಅತಿ ಸಮೀಪದ ಅವಿಭಾಜ್ಯ. ಡೇನಿಯಲ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞರು 2006ರಲ್ಲಿ ಅಚ್ಚಾದ ತಮ್ಮ ಲೇಖನದಲ್ಲಿ ಬೇಕಾದಷ್ಟು ಗಾತ್ರದ ಅಭ್ಯರ್ಥಿಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಘಾತಗಳಿಂದ ಅವುಗಳಿಗಿರುವ ದೂರಗಳು 95, 79, 51, 39, 31, 19 ಎಂದು. ಇವುಗಳಲ್ಲಿ 19 ಅತಿ ಚಿಕ್ಕದು. ಆದುದರಿಂದ ಅದನ್ನೇ ಆರಿಸಿದುದಾಗಿ ಹೇಳಿದ್ದಾರೆ. ಎರಡು ಎಪ್ಪತ್ತೇಳಂಕೆಯ ಸಂಖ್ಯೆಗಳನ್ನು ಗುಣಿಸಿದಾಗ ಮೇಲೆ ಉಕ್ಕಿ ಬಂದ ಭಾಗವನ್ನು 19ರಿಂದ ಗುಣಿಸಿ ಕೆಳಗಿನ ಭಾಗಕ್ಕೆ ಸೇರಿಸಿದರೆ ಸಾಕು. ಚಿಕ್ಕ ಫೋನೊಂದು ಕ್ಷಣಮಾತ್ರದಲ್ಲಿ ಸಾವಿರಾರು ಗುಣಾಕಾರಗಳನ್ನು ಮುಗಿಸುವುದು ಇದರಿಂದಲೇ.

ಘಾತದ ನೆರೆಯಲ್ಲಿರುವ ಸಂಖ್ಯೆಗಳ ಮೇಲಿನ ಈ ಅಕ್ಕರೆಯು ನಮ್ಮ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದನು. ಎಂ. ರಂಗಾಚಾರ್ಯರು ಅದನ್ನು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಗುಣಾಕಾರದ ಪ್ರಕರಣದಲ್ಲಿ ಆಚಾರ್ಯನು ಹಾರಗಳಂತೆ ಎರಡು ಕಡೆಯಿಂದಲೂ ಒಂದೇ ಸಮನಾಗಿ ಕಾಣುವ ಲಬ್ಧಗಳನ್ನು ಕೇಳುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. ಗುಣಿಸಿದ ಎರಡೂ ಅವಿಭಾಜ್ಯಗಳು. 142857143ನ್ನು ಏಳರಿಂದ ಗುಣಿಸಿದರೆ 1000000001. ಈ ಕೊನೆಯದು ಹತ್ತರ ಒಂಬತ್ತನೆಯ ಘಾತಕ್ಕೆ ಒಂದೇ ಹೆಚ್ಚು. ನೋಡಲು ಒಡೆಯದ ಮುತ್ತಿನಂತಿದ್ದರೂ ಅದು ಪೂರ್ತಿ ಒಡೆಯುವುದು: 7, 11, 13, 19, 52579 ಇವು ಅದರ ಅವಿಭಾಜ್ಯ ಅಪವರ್ತನಗಳು. ರೂಪವು ಸರಳವಾಗಿದ್ದ ಮಾತ್ರಕ್ಕೆ ಸಂಖ್ಯೆಯು ಅವಿಭಾಜ್ಯವಾಗಲಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ನನಗೆ ತೋರದು. ಪ್ರಾಸಂಗಿಕವಾಗಿ ಹೇಳಬಹುದಾದರೆ, ಮಹಾವೀರನು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ; ನಮ್ಮ ಸಂಖ್ಯೆಯನ್ನು ಓದಲು ಅವನಿಗೆ ಇನ್ನೂ ಐವತ್ತಮೂರು ಹೆಸರುಗಳು ಬೇಕಾಗುತ್ತಿದ್ದುವು.

ಹಾಗಾದರೆ 2²⁵⁵ − 19 ಒಡೆಯುವುದಿಲ್ಲವೆಂದು ನಾವು ತಿಳಿದುದು ಹೇಗೆ? ನವಲಗುಂದದವರ ಗುಟ್ಟು ನಿಂತಿರುವುದು ಈ ಪ್ರಶ್ನೆಯ ಮೇಲೆ.

ಚಿಕ್ಕ ಭಾಜಕಗಳನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಏಳರಿಂದ ಭಾಗವಾಗುವುದೇ ನೋಡೋಣ. ಎರಡರ ಮೂರನೆಯ ಘಾತ 8. ಏಳರಿಂದ ಭಾಗಿಸಿದರೆ ಶೇಷ 1. 255 ಎಂಬುದು ಮೂರರ 85 ಪಟ್ಟು; ಆದುದರಿಂದ 2²⁵⁵ರ ಶೇಷವೂ 1. 19ರ ಶೇಷ 5. ಒಂದರಲ್ಲಿ ಐದು ಹೋಗದು. ಏಳನ್ನು ಸೇರಿಸಿಕೊಂಡು ಕಳೆದರೆ 3. ಶೇಷ ಉಳಿಯಿತು, ಭಾಗವಾಗಲಿಲ್ಲ. ಎಪ್ಪತ್ತೇಳಂಕೆಯ ಸಂಖ್ಯೆಯನ್ನು ಹೀಗೆ ನಾಲ್ಕು ಸಾಲಿನಲ್ಲಿ ಪರೀಕ್ಷಿಸಿದೆವು. ಆದರೆ ಎಲ್ಲ ಭಾಜಕಗಳನ್ನೂ ಹೀಗೆ ನೋಡಬೇಕಾದರೆ ವರ್ಗಮೂಲದವರೆಗೆ, ಎಂದರೆ 39 ಅಂಕೆಗಳ ಸಂಖ್ಯೆಯವರೆಗೆ, ಹೋಗಬೇಕು. ಸೆಕೆಂಡಿಗೆ ಲಕ್ಷ ಕೋಟಿ ಭಾಜಕಗಳನ್ನು ನೋಡುವ ಯಂತ್ರಕ್ಕೂ ವಿಶ್ವದ ಈವರೆಗಿನ ಆಯುಷ್ಯದ ಐವತ್ತು ಕೋಟಿಗೂ ಹೆಚ್ಚು ಪಟ್ಟು ಕಾಲ ಹಿಡಿಯುವುದು.

ಬೇರೆ ದಾರಿಯನ್ನು ತೋರಿಸಿದವನು ಫ್ರಾನ್ಸಿನ ಫರ್ಮಾ, 1640ರಲ್ಲಿ. ಅವಿಭಾಜ್ಯವೊಂದರಿಂದ ಭಾಗವಾಗದ ಯಾವ ಸಂಖ್ಯೆಯನ್ನಾದರೂ ತೆಗೆದುಕೊಂಡು, ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಘಾತಕ್ಕೆ ಏರಿಸಿ, ಆ ಅವಿಭಾಜ್ಯದಿಂದ ಭಾಗಿಸಿದರೆ ಶೇಷವು ಒಂದೇ ಆಗತಕ್ಕದ್ದು. ಆಗದಿದ್ದರೆ ಸಂಖ್ಯೆಯು ಅವಿಭಾಜ್ಯವಲ್ಲ. 91ನ್ನು ನೋಡಿರಿ. ಎರಡರ ಹನ್ನೆರಡನೆಯ ಘಾತ 4096, 91ರ 45 ಪಟ್ಟು 4095, ಶೇಷ 1. ಆದುದರಿಂದ ಎಂಬತ್ತನಾಲ್ಕನೆಯ ಘಾತದ ಶೇಷವೂ 1. ತೊಂಬತ್ತನೆಯದಕ್ಕೆ ಇನ್ನಾರು ಎರಡುಗಳು, ಶೇಷ 64. ಒಂದು ಬರಲಿಲ್ಲ, 91 ಒಡೆಯುವ ಸಂಖ್ಯೆ. ಅದನ್ನು ಯಾವುದು ಒಡೆಯುವುದೆಂದು ನಮಗಿನ್ನೂ ತಿಳಿಯದು, ಆದರೂ ಒಡೆಯುವುದೆಂಬುದು ನಿಶ್ಚಯ! ತರಗತಿಯಲ್ಲಿ ಇದನ್ನು ಹೇಳಿದಾಗ ವಿದ್ಯಾರ್ಥಿಗಳು ಏನೋ ಮೋಸವಾಯಿತೆಂಬಂತೆ ನೋಡುವುದುಂಟು.

ಮೋಸವು ಇರುವುದು ಇನ್ನೊಂದು ಕಡೆ. ಪರೀಕ್ಷೆಯಲ್ಲಿ ತೇರ್ಗಡೆಯಾದವೆಲ್ಲ ಅವಿಭಾಜ್ಯಗಳಲ್ಲ. 341 ಎಂಬುದು 11ರ 31 ಪಟ್ಟು. ಆದರೂ ಎರಡರ ಹತ್ತನೆಯ ಘಾತ 1024, ಅದರ ಶೇಷ 1, ಹೀಗಾಗಿ ಮುನ್ನೂರನಲವತ್ತನೆಯ ಘಾತದ ಶೇಷವೂ 1. ಈ ಬಿರುಕನ್ನು ಮುಚ್ಚಿದವನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿದ್ದ ಎದುವಾರ್ ಲ್ಯೂಕಾ. ಒಂದು ಎಂಬ ಶೇಷವು ಕೊನೆಯ ಘಾತದಲ್ಲಿಯೇ ಮೊದಲ ಸಲ ಬರಬೇಕು, ಅದಕ್ಕೆ ಮುಂಚೆ ಬರಕೂಡದು ಎಂದು ಅವನ ನಿಯಮ. 19ರಲ್ಲಿ ಎರಡರ ಹದಿನೆಂಟನೆಯ ಘಾತದ ಶೇಷ 1. ಮುಂಚೆ ಬರಲಿಲ್ಲವೆಂದು ತಿಳಿಯಲು ಎಲ್ಲ ಘಾತಗಳನ್ನೂ ನೋಡಬೇಕಾಗಿಲ್ಲ. 18ರ ಅವಿಭಾಜ್ಯ ಅಪವರ್ತನಗಳು 2 ಮತ್ತು 3 ಮಾತ್ರವಾದುದರಿಂದ ಒಂಬತ್ತನೆಯದನ್ನೂ ಆರನೆಯದನ್ನೂ ನೋಡಿದರೆ ಸಾಕು. ಅವುಗಳ ಶೇಷಗಳು 18 ಮತ್ತು 7. ಎಂದ ಮೇಲೆ ಹದಿನೆಂಟು ಘಾತಗಳಿಗೆ ಹದಿನೆಂಟು ಬೇರೆ ಬೇರೆ ಶೇಷಗಳು. 1ರಿಂದ 18ರವರೆಗಿನ ಎಲ್ಲವೂ ಬಂದುಹೋದುವು. ಸಂಖ್ಯೆಯು ಒಡೆಯುವಂಥದಾಗಿದ್ದರೆ ಅದರ ಅಪವರ್ತನಗಳು ಈ ಶೇಷಗಳ ಸಾಲಿನಲ್ಲಿ ಎಂದಿಗೂ ಕಾಣಿಸಿಕೊಳ್ಳುತ್ತಿರಲಿಲ್ಲ.

ನಮ್ಮ ಸಂಖ್ಯೆಗೂ ಇದೇ ಪರೀಕ್ಷೆ. ಅದರಿಂದ ಒಂದನ್ನು ಕಳೆದರೆ ಬರುವುದು 4, 3, 65147 ಮತ್ತು 71 ಅಂಕೆಗಳ ಒಂದು ಅವಿಭಾಜ್ಯ ಇವುಗಳ ಗುಣಲಬ್ಧ. ಆ ಎಪ್ಪತ್ತೊಂದಂಕೆಯದು ಅವಿಭಾಜ್ಯವೆಂದು ಯಾರು ಹೇಳಿದರು ಎಂದು ನೀವು ಕೇಳಬೇಕು, ಕೇಳುವುದೇ ಸರಿ. ಅದರಿಂದಲೂ ಒಂದನ್ನು ಕಳೆದು, ಒಡೆದು, ಮತ್ತೆ ಪರೀಕ್ಷಿಸುತ್ತಾರೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಮಗ್ಗಿ ಬಲ್ಲ ಹುಡುಗನೂ ಒಪ್ಪುವ ಚಿಕ್ಕ ಅವಿಭಾಜ್ಯಗಳವರೆಗೆ ಬರುತ್ತಾರೆ. ಈ ಇಳಿತವನ್ನು ಬರೆದಿಟ್ಟರೆ ಅದೇ ಪ್ರಮಾಣಪತ್ರ. ಪ್ರತಿಯೊಂದು ಅವಿಭಾಜ್ಯಕ್ಕೂ ಇಂಥ ಚಿಕ್ಕ ಪ್ರಮಾಣಪತ್ರವುಂಟೆಂದು 1975ರಲ್ಲಿ ವಾನ್ ಪ್ರಾಟ್ ತೋರಿಸಿದರು. 2002ರ ಆಗಸ್ಟಿನಲ್ಲಿ ಕಾನಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಇವರು ಒಂದನ್ನು ಕಳೆದು ಒಡೆಯುವ ಗೋಜೇ ಇಲ್ಲದೆ, ಯಾವ ಸಂಖ್ಯೆಯನ್ನಾದರೂ ಮಿತವಾದ ಹೆಜ್ಜೆಗಳಲ್ಲಿ ನಿರ್ಣಯಿಸುವ ವಿಧಾನವನ್ನು ಪ್ರಕಟಿಸಿ ಲೋಕವನ್ನು ಬೆರಗುಗೊಳಿಸಿದರು. ನಿತ್ಯದ ಕೆಲಸಕ್ಕೆ ಹಳೆಯ ವಿಧಾನಗಳೇ ಇನ್ನೂ ವೇಗವಾದುವು; ಅದರಿಂದ ಆ ಸಾಧನೆಯ ಗೌರವವೇನೂ ಕುಂದುವುದಿಲ್ಲ.

ಹಾರ್ಡಿ ಎಂಬ ಇಂಗ್ಲಿಷ್ ಗಣಿತಜ್ಞ, ನಮ್ಮ ರಾಮಾನುಜನ್ನರ ಮಿತ್ರ, ಸಂಖ್ಯಾಶಾಸ್ತ್ರವು ಲೋಕದ ಯಾವ ಕೆಲಸಕ್ಕೂ ಬಾರದೆಂಬುದನ್ನೇ ಅದರ ಹೆಚ್ಚಳವೆಂದು 1940ರಲ್ಲಿ ಬರೆದಿದ್ದನು. ಆಮೇಲೆ ನಡೆದುದನ್ನು ಅವನು ನೋಡಲಿಲ್ಲ.

ಪ್ರಮಾಣಪತ್ರದ ವಿಷಯವನ್ನು ಇಷ್ಟು ಬೆಳೆಸಿದುದಕ್ಕೆ ಕಾರಣವುಂಟು. ಸಂದೇಶದ ಗುಟ್ಟನ್ನು ಕಾಯುವ ಸಂಖ್ಯೆಯನ್ನು ಆರಿಸಿದವರು ಬೇರೆ ಯಾರೋ. ಅವರು ನಮಗೆ ತಿಳಿಯದ ಒಳದಾರಿಯೊಂದನ್ನು ಅದರಲ್ಲಿ ಬಚ್ಚಿಟ್ಟಿದ್ದರೆ? ಇದು ಬರಿಯ ಕಲ್ಪನೆಯಲ್ಲ. ಅಮೆರಿಕದ ಸರ್ಕಾರದ ಮಾನಕ ಸಂಸ್ಥೆಯು ಅಂಗೀಕರಿಸಿದ್ದ, ಊಹೆಗೆ ಸಿಗದ ಸಂಖ್ಯೆಗಳನ್ನು ಹುಟ್ಟಿಸುವ ಒಂದು ವಿಧಾನದಲ್ಲಿ ಹಿಂಬಾಗಿಲಿದೆಯೆಂಬ ಸಂಶಯವು 2013ರಲ್ಲಿ ಬಲವಾಯಿತು. ಅದರಲ್ಲಿದ್ದ ಕೆಲವು ದೊಡ್ಡ ಸಂಖ್ಯೆಗಳು ಎಲ್ಲಿಂದ ಬಂದುವೆಂಬುದಕ್ಕೆ ಸಮಾಧಾನಕರವಾದ ವಿವರಣೆಯಿರಲಿಲ್ಲ. 2014ರಲ್ಲಿ ಸಂಸ್ಥೆಯು ಅದನ್ನು ಕೈಬಿಟ್ಟಿತು. ಆ ಘಟನೆಯ ಅನಂತರ 2²⁵⁵ − 19ರ ಕಡೆಗೆ ಹೆಚ್ಚು ಜನರು ತಿರುಗಿದರು. ಇಲ್ಲಿ 255 ಏಕೆ, 19 ಏಕೆ, ರೇಖೆಯಲ್ಲಿನ 486662 ಏಕೆ ಎಂಬ ಪ್ರತಿಯೊಂದಕ್ಕೂ ಕಾರಣವು ಅಚ್ಚಿನಲ್ಲಿದೆ. ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಗುಟ್ಟಾಗಿರುವುದು ನವಲಗುಂದದವರ 5, ಹುಬ್ಬಳ್ಳಿಯವರ 7, ಇವು ಮಾತ್ರ. ಅವಿಭಾಜ್ಯವು ಎಲ್ಲರ ಸೊತ್ತು. 2016ರಲ್ಲಿ ಅಂತರಜಾಲದ ನಿಯಮಾವಳಿಯಲ್ಲಿಯೂ ಅದಕ್ಕೆ ಸ್ಥಾನ ದೊರೆಯಿತು.

ಈ ಭದ್ರತೆಗೆ ಒಂದು ಎಲ್ಲೆಯಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಪರಮಾಣುಗಳ ವಿಚಿತ್ರ ನಡವಳಿಕೆಯನ್ನು ಬಳಸಿ ಎಣಿಸುವ ಕ್ವಾಂಟಮ್ ಯಂತ್ರವು ಸಾಕಷ್ಟು ದೊಡ್ಡದಾಗಿ ಸಿದ್ಧವಾದರೆ, ಹಿಂದಕ್ಕೆ ಬರುವ ಮೆಟ್ಟಿಲು ಅದಕ್ಕೆ ದೊರೆಯುವುದೆಂದು ಪೀಟರ್ ಶೋರ್ 1994ರಲ್ಲಿಯೇ ತೋರಿಸಿದ್ದಾರೆ. ಅಷ್ಟು ದೊಡ್ಡ ಯಂತ್ರವು ಇನ್ನೂ ಹುಟ್ಟಿಲ್ಲ. ಆದರೆ ಇಂದಿನ ಸಂದೇಶವನ್ನು ಕೀಲಿ ಸಹಿತ ಹಿಡಿದಿಟ್ಟುಕೊಂಡು, ಯಂತ್ರವು ಬಂದಾಗ ತೆರೆಯುತ್ತೇನೆಂದು ಕಾಯುವವನು ಇರಬಹುದು. ಜಮಖಾನದ ಬೆಲೆಯು ಅಷ್ಟರಲ್ಲಿ ಹಳೆಯದಾಗಿರುವುದು. ವೈದ್ಯರಿಗೆ ಬರೆದ ಮಾತು ಹಳೆಯದಾಗದು. ಆದುದರಿಂದ ಬೇರೆ ಬಗೆಯ ಕೀಲಿಗಳಿಗೆ 2024ರ ಆಗಸ್ಟಿನಲ್ಲಿ ಅಮೆರಿಕದ ಮಾನಕಗಳು ಹೊರಟುವು. ಸಿಗ್ನಲ್ ಎಂಬ ಸಂದೇಶ ವ್ಯವಸ್ಥೆಯು ಅದಕ್ಕಿಂತ ಮುಂಚೆಯೇ, 2023ರಲ್ಲಿ, ಹೊಸ ಕೀಲಿಯೊಂದನ್ನು ಹಾಕಿತು. ಆದರೆ ಹೊಸದು ಇನ್ನೂ ಕಾಲದ ಪರೀಕ್ಷೆಗೆ ಒಳಗಾಗಿಲ್ಲವೆಂದು ಅದನ್ನು ಒಂಟಿಯಾಗಿ ಬಿಡಲಿಲ್ಲ. ಒಂದೇ ಬಾಗಿಲಿಗೆ ಎರಡು ಕೀಲಿಗಳನ್ನಿಟ್ಟರು, ಎರಡನ್ನೂ ಒಡೆದವನು ಮಾತ್ರ ಒಳಗೆ ಹೋಗಬಲ್ಲನು. ಆ ಎರಡನೆಯ ಕೀಲಿಯು 2²⁵⁵ − 19ರ ಮೇಲಿನ ಹಳೆಯ ರೇಖೆಯೇ.